ಯಾರಿಗೋಸ್ಕರ, ಜಯರಾಮಪ್ಪ?

ಹಿಂದೂಪುರದ ಹುಣಸೆ ಮಂಡಿಯ ದಲ್ಲಾಳಿ ಜಯರಾಮಪ್ಪ ನಡೆಯುವಾಗ ತೋಳುಗಳನ್ನು ಮೈಗೆ ತಾಗಿಸುವುದಿಲ್ಲ. ಎರಡು ಕಂಕುಳಲ್ಲೂ ಒಂದೊಂದು ತೆಂಗಿನಕಾಯಿ ಇಟ್ಟುಕೊಂಡವನಂತೆ ಅವನ್ನು ಅಗಲಿಸಿಕೊಂಡು, ಎದೆಯನ್ನು ಮುಂದೆ ಮಾಡಿ, ಲಾರಿ ಎದುರಾದರೂ ತಾನಾಗಿ ಪಕ್ಕಕ್ಕೆ ಸರಿಯದ ಆ ಗಜಗಮನವನ್ನು ಕಂಡವರು, ಅರುವತ್ತು ದಾಟಿದರೂ ಮನುಷ್ಯನಿಗೆ ಗರ್ವ ಇಳಿದಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಗರ್ವವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಆ ನಡಿಗೆ ಹುಟ್ಟಿದ್ದು ಗರ್ವದಿಂದಲ್ಲ, ಕುರುಗಳಿಂದ.

ಹೆಂಡತಿ ಸಣ್ಣಕ್ಕ ತೀರಿಕೊಂಡ ಮರುವರ್ಷದ ಬೇಸಗೆ ಅದು. ಜಯರಾಮಪ್ಪನದು ಹುಟ್ಟಾ ರೋಮಶ ಶರೀರ. ಎದೆ, ಬೆನ್ನು, ಭುಜ, ಕಡೆಗೆ ಕಿವಿಯ ಅಂಚು ಕೂಡ ಬಿಡದೆ ಕೂದಲು ಬೆಳೆದು, ಶಾಲೆಯಲ್ಲಿ ಓರಗೆಯವರು ಕರಡಿ ಎಂದು ಕರೆಯುತ್ತಿದ್ದರು. ಮಂಡಿಯಲ್ಲಿ ಹಗಲೆಲ್ಲ ಹುಣಸೆಯ ಅಂಟು, ಗೋಣಿಯ ದೂಳು, ಅದರ ಮೇಲೆ ಧಾರಾಕಾರ ಬೆವರು. ಎಲ್ಲ ಸೇರಿ ಕಂಕುಳಲ್ಲಿ ಕುರುಗಳೆದ್ದವು. ಕೂದಲು ತೆಗೆದು ಗಾಳಿಯಾಡಲು ಬಿಡಿ ಎಂದರು ಡಾಕ್ಟರು. ಹೇಳುವುದು ಸುಲಭ. ಮುಖದ ರೇಜರನ್ನೇ ಅಲ್ಲಿಗೂ ಎಳೆದ, ರಕ್ತ ಬಂತು. ಕೂದಲು ಉದುರಿಸುವ ಕ್ರೀಮು ಹಚ್ಚಿದ, ಚರ್ಮ ಸುಟ್ಟಿತು. ರಸ್ತೆಬದಿಯಲ್ಲಿ ಸಿಕ್ಕ ಅಗ್ಗದ ಟ್ರಿಮ್ಮರು ಕೂದಲನ್ನು ಕತ್ತರಿಸುವ ಬದಲು ಬುಡಸಮೇತ ಕಿತ್ತಿತು. ತೋಳು ಅಗಲಿಸಿ ನಡೆಯುವುದನ್ನು ಕಲಿತದ್ದು ಆ ದಿನಗಳಲ್ಲಿ. ಕುರು ವಾಸಿಯಾದರೂ ನಡಿಗೆ ಮಾತ್ರ ಉಳಿದುಕೊಂಡಿತು.

ಕಡೆಗೊಂದು ದಿನ ಬಜಾರಿನ ದೊಡ್ಡ ಅಂಗಡಿಗೇ ಹೋಗಿ ನಿಂತ. "ಮೈಗೆ ಹಾಕೋ ಟ್ರಿಮ್ಮರ್ ಕೊಡಪ್ಪ, ಮುಖದ್ದಲ್ಲ. ತುದಿ ಗುಂಡಗಿರ್ಬೇಕು, ಚುಚ್ಬಾರ್ದು. ಮೇಲೆ ಬಾಚಣಿಗೆ ಹಲ್ಲು ಸಿಗಾಕ್ಸಂಗಿರ್ಬೇಕು. ನೀರಲ್ಲಿ ತೊಳೆಯೋಕೆ ಬರ್ಬೇಕು" ಎಂದು ಹೆಣ್ಣು ನೋಡಲು ಬಂದವನಿಗಿಂತ ಹೆಚ್ಚು ಲಕ್ಷಣಗಳನ್ನು ಹೇಳಿದ. ಗಲ್ಲಾದ ಮೇಲೆ ಕುಳಿತಿದ್ದ ಯುವಕನಿಗೆ ನಗು ತಡೆಯಲಿಲ್ಲ. "ಪೆಳ್ಳಿಕೊಡುಕು ಎವರು ಪೆದ್ದಾಯನಾ?" ಎಂದು ತೆಲುಗಿನಲ್ಲಿ ಕೇಳಿ, ಮದುಮಗನನ್ನು ಹುಡುಕುವವನಂತೆ ಜಯರಾಮಪ್ಪನ ಬೆನ್ನ ಹಿಂದೆ ಇಣುಕಿ ನೋಡಿದ. ನಿಂತಿದ್ದ ಗಿರಾಕಿಗಳೆಲ್ಲ ಗೊಳ್ಳೆಂದರು.

"ನೇನೇ!" ಎಂದ ಜಯರಾಮಪ್ಪ, ಮಂಡಿಯಲ್ಲಿ ಹರಾಜು ಕೂಗುವ ದನಿಯಲ್ಲಿ. "ಮದುಮಗ ನಾನೇ ಕಣಯ್ಯ. ಅದ್ಕೇನೀಗ?"

ಅದ್ಕೇನೀಗ ಎಂಬುದು ಅವನ ಬಾಯಿಗೆ ಅಂಟಿದ ಮಾತು. ಹುಣಸೆಯ ಧಾರಣೆ ಬಿದ್ದರೂ ಅದೇ, ರೈಲು ತಪ್ಪಿದರೂ ಅದೇ. ಡಬ್ಬಿ ಬಿಚ್ಚಿದರೆ ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಯುವಕ ಹೇಳಿದಾಗ, "ಹುಣ್ಸೆಹಣ್ಣೇ ಬಾಯಿಗಿಟ್ಟು ನೋಡ್ದೆ ಕೊಳ್ಳಲ್ಲ ನಾನು, ಮೈಗೆ ಬ್ಲೇಡಿಡೋದನ್ನ ನೋಡ್ದೆ ಕೊಳ್ತೀನಾ?" ಎಂದು ಅಂಗಿಯ ತೋಳು ಮಡಚಿ, ಎಲ್ಲರೆದುರಿಗೇ ಮುಂಗೈ ಮೇಲೆ ಒಂದೊಂದನ್ನೂ ಓಡಿಸಿ ನೋಡಿದ. ಒಂದು ಟ್ರಿಮ್ಮರು ಕೂದಲನ್ನು ಎಳೆಯಿತು, ಬೇಡ. ಇನ್ನೊಂದು ಬೇಗ ಬಿಸಿಯಾಯಿತು, ಅದೂ ಬೇಡ. ಮನಸ್ಸಿಗೆ ಒಪ್ಪಿದ್ದನ್ನು ಹಿಡಿದು ಹೊರಬಿದ್ದಾಗ ಅಂಗಡಿಯವನ ನಗು ಇಂಗಿಹೋಗಿತ್ತು.

ಅಂದಿನಿಂದ ಅದೊಂದು ವ್ರತವೇ ಆಯಿತು. ಭಾನುವಾರ ಬಿಸಿನೀರು ಸುರಿದುಕೊಂಡು ಚರ್ಮ ಮೆತ್ತಗಾದ ಮೇಲೆಯೇ ಕೆಲಸಕ್ಕೆ ಕೈ ಹಾಕುವುದು. ಎದೆಗೆ ಉದ್ದ ಹಲ್ಲಿನ ಬಾಚಣಿಗೆ, ಕಂಕುಳಿಗೆ ಗಿಡ್ಡದು. ಮೂಗು ಕಿವಿಗಳಿಗೆ ತುದಿ ಮೊಂಡಾದ ಪುಟ್ಟ ಕತ್ತರಿ. ಗಡ್ಡದ ರೇಜರು ಗಡ್ಡಕ್ಕೆ ಮಾತ್ರ, ಅದು ಕುತ್ತಿಗೆಯಿಂದ ಕೆಳಕ್ಕೆ ಇಳಿಯಕೂಡದು. ಕೊನೆಗೆ ಪಟಿಕದ ಕಲ್ಲು, ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಈ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಸ್ವಭಾವವೂ ಅವನದಲ್ಲ. ಗೋರಂಟ್ಲದ ಬಸ್ಸಿನಲ್ಲಿ ಪಕ್ಕ ಕುಳಿತು ಮೂಗಿನ ಕೂದಲು ಕೀಳುತ್ತಿದ್ದ ಅಪರಿಚಿತನ ಕೈ ಹಿಡಿದು, "ಕೀಳ್ಬೇಡ ಕಣಪ್ಪ, ಕೀವಾಯ್ತದೆ. ಕತ್ರಿಸ್ಬೇಕು" ಎಂದು ಉಪದೇಶಿಸಿ ಬೈಸಿಕೊಂಡಿದ್ದಾನೆ. ಮಂಡಿಯಲ್ಲಿ ಯಾರಾದರೂ ಕೆಣಕಿದರೆ ವಾದ ಸಿದ್ಧವಾಗಿರುತ್ತಿತ್ತು: ತಾತನ ಕಾಲದಲ್ಲಿ ಜಗಲಿಗೆ ಬರುತ್ತಿದ್ದ ಕ್ಷೌರಿಕ ತಲೆ ಗಡ್ಡದ ಜೊತೆಗೆ ಕಂಕುಳನ್ನೂ ಕೆರೆದು ಹೋಗುತ್ತಿದ್ದ, ಆಗ ಯಾವ ಗಂಡಸಿನ ಗಂಡಸುತನ ಉದುರಿಹೋಗಿತ್ತು? ಆದರೂ ಎಲ್ಲರೂ ಒಂದೇ ಪ್ರಶ್ನೆಗೆ ಮರಳುತ್ತಿದ್ದರು. ಹೆಂಡತಿಯಿಲ್ಲದ ಮನುಷ್ಯ, ಇಷ್ಟೆಲ್ಲ ಯಾರಿಗೋಸ್ಕರ?

ಅಂಗಡಿಯಲ್ಲಿ ರೇಗಿ ಆಡಿದ ಆ "ನೇನೇ" ಬಸ್ಸು ಹತ್ತಿ ಕಲ್ಯಾಣದುರ್ಗ ತಲುಪಲು ಬಹಳ ಕಾಲ ಬೇಕಾಗಲಿಲ್ಲ. ಅಲ್ಲಿ ಅವನ ಒಬ್ಬಳೇ ಮಗಳು ವಾಣಿಶ್ರೀ, ಕಡಲೆಕಾಯಿ ಎಣ್ಣೆ ಮಿಲ್ಲಿನ ಎರ್ರಪ್ಪನ ಸೊಸೆಯಾಗಿದ್ದಳು. ಜಯರಾಮಪ್ಪ ಎರಡನೆಯ ಮದುವೆಗೆ ಸಿಂಗರಿಸಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಬೀಗರ ಮನೆಯ ಅಂಗಳದಲ್ಲಿ ಕೈಕಾಲು ಮೂಡಿಸಿಕೊಂಡು ಓಡಾಡತೊಡಗಿತು. ಯುಗಾದಿಗೆ ಮುಂಚೆ ಮಗಳ ಫೋನು ಬಂತು. "ಹಬ್ಬಕ್ಕೆ ಬಾ ಅಪ್ಪಾ. ಆದ್ರೆ ಆ ಮಿಶಿನ್ನು ತರ್ಬೇಡ. ಇಲ್ಲಿ ನಂಗೆ ತಲೆ ಎತ್ತೋಕಾಗ್ತಿಲ್ಲ."

"ನಾನೂ ಬತ್ತೀನಿ ಕಣಮ್ಮ, ಮಿಶಿನ್ನೂ ಬತ್ತೈತೆ" ಎಂದ ಅಪ್ಪ.

ಹಬ್ಬದ ಒಬ್ಬಟ್ಟಿನ ಊಟ ಮುಗಿದು ಪಡಸಾಲೆಯಲ್ಲಿ ಎಲೆ ಅಡಿಕೆಗೆ ಕುಳಿತಾಗ ಎರ್ರಪ್ಪ ಗಂಟಲು ಸರಿಮಾಡಿಕೊಂಡ. ಕೆಟ್ಟ ಮನುಷ್ಯನಲ್ಲ, ಬೀಗರ ಒಂಟಿತನಕ್ಕೆ ಮನಸ್ಸಾರೆ ಮರುಗಿದವನೇ. "ನಾಚ್ಕಬೇಡಿ ಬೀಗ್ರೇ. ಮನುಷ್ಯನಿಗೆ ಜೊತೆ ಬೇಕು, ತಪ್ಪೇನಿಲ್ಲ. ಗೋರಂಟ್ಲದಲ್ಲಿ ನಮ್ ಕಡೆ ಒಂದು ಹೆಣ್ಮಗಳು ಅವ್ಳೆ, ಗಂಡ ಇಲ್ಲ, ಮಕ್ಳಿಲ್ಲ. ನೋಡಿ" ಎಂದು ಫೋನಿನಲ್ಲಿ ಫೋಟೋ ತೆಗೆದು ಮುಂದೆ ಹಿಡಿದ.

"ನಂಗೆ ಮದ್ವೆ ಬೇಡ ಎರ್ರಪ್ನೋರೇ."

"ಮತ್ತೆ ಮೈಯೆಲ್ಲ ಹಂಗೆ ನುಣ್ಣಗೆ…"

"ಬೇಕು ಅನ್ಸುತ್ತೆ, ಮಾಡ್ಕೊಂತೀನಿ."

ಎರ್ರಪ್ಪನ ಮುಖದಲ್ಲಿ ಮೂಡಿದ ದಿಗ್ಭ್ರಮೆಯನ್ನು ನೋಡಬೇಕಿತ್ತು. ಮುದಿವಯಸ್ಸಿನಲ್ಲಿ ಹೆಣ್ಣಿಗೆ ಆಸೆಪಡುವವನನ್ನು ಲೋಕ ನಕ್ಕು ಕ್ಷಮಿಸುತ್ತದೆ, ಮುಂದೆ ನಿಂತು ಸಂಬಂಧವನ್ನೂ ಹುಡುಕಿ ತರುತ್ತದೆ. ಯಾವ ಹೆಣ್ಣೂ ಬೇಡ, ತನ್ನ ಕಂಕುಳು ತನಗೆ ಹಸನಾಗಿದ್ದರೆ ಸಾಕು ಎನ್ನುವ ಗಂಡಸನ್ನು ಎಲ್ಲಿ ಕೂರಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಎಂಥ ಲೋಕವಪ್ಪಾ ಇದು!

ಬಾಗಿಲಲ್ಲಿ ನಿಂತಿದ್ದ ವಾಣಿಶ್ರೀಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಮದ್ವೆ ಇಲ್ಲ ಅನ್ನೋದು ನಿಜ ಆದ್ರೆ ಅದನ್ನ ಇವತ್ತೇ ಬಿಟ್ಬುಡು. ಅಮ್ಮ ಇದ್ದಾಗ ಒಂದಿನಾನಾದ್ರೂ ಹಿಂಗೆ ಮಾಡ್ಕೊಂಡಿದ್ಯಾ? ಅವ್ಳು ಹೋಗಿದ್ದೇ ತಡ, ಶುರು ಮಾಡ್ದೆ. ಬಿಡಲ್ಲ ಅಂದ್ರೆ ಇನ್ಮೇಲೆ ಈ ಬಾಗ್ಲಿಗೆ ಬರ್ಬೇಡ."

ಸಣ್ಣಕ್ಕ ಹೋದ ಮೇಲೆ ಜಯರಾಮಪ್ಪನಿಗೆ ಈ ಭೂಮಿಯ ಮೇಲೆ ನನ್ನದೆನ್ನಲು ಇದ್ದದ್ದು ಆ ಒಂದೇ ಬಾಗಿಲು. ಆಯಿತಮ್ಮ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಿಮ್ಮಮ್ಮ ಇದ್ದಾಗ ಈ ಮೈ ಅವಳ್ದು ಕಣಮ್ಮ. ಬೆನ್ನು ತಿಕ್ಕೋಳು ಅವ್ಳು. ಎಲ್ಲಿ ಗುಳ್ಳೆ ಎದ್ದೈತೆ ಅಂತ ನನಗಿಂತ ಮೊದ್ಲು ಕಂಡು ಅರಿಶಿಣ ಹಚ್ಚೋಳು ಅವ್ಳು. ನಂಗೊಂದು ಮೈ ಐತೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಈಗ ಅದನ್ನ ನೋಡ್ಕಳೋಕೆ ನಾನೊಬ್ನೇ ಉಳ್ದಿರೋದು, ನೋಡ್ಕೊಂತೀನಿ. ಮದ್ವೇನೂ ಆಗಲ್ಲ, ಮಿಶಿನ್ನೂ ಬಿಡಲ್ಲ. ಬಾಗ್ಲು ಹಾಕ್ಕೊಂತೀಯಾ, ಹಾಕ್ಕೋ. ಬೆಳಿಗ್ಗೆ ಮೊದ್ಲನೇ ಬಸ್ಸಿಗೆ ಹೋಯ್ತೀನಿ."

ಎರ್ರಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. ವಾಣಿಶ್ರೀ ಒಳಗೆ ಹೋದಳು. ಆ ದಿನ ಅವಳು ಅಪ್ಪನೊಂದಿಗೆ ಮತ್ತೆ ಮಾತಾಡಲಿಲ್ಲ.

ಮರುದಿನ ವರ್ಷತೊಡಕು, ಬಾಡೂಟದ ದಿನ. ನೆಂಟರಿಂದ ಮನೆ ತುಂಬಿ, ಇದ್ದ ಒಂದು ಬಚ್ಚಲುಮನೆಯ ಮುಂದೆ ಟವೆಲು ಹೊತ್ತವರು ಸಾಲಾಗಿ ನಿಂತಿದ್ದರು. ಒಳಗೆ ಜಯರಾಮಪ್ಪ, ಬಾಗಿಲಾಚೆಗೂ ಟ್ರಿಮ್ಮರಿನ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಹೋಗುವ ದಿನ ಅದನ್ನು ಚೀಲದಲ್ಲೇ ಬಿಟ್ಟರೆ ಸೋತಂತಾಗುತ್ತದೆಂದು ಬೇಕೆಂದೇ ತೆಗೆದಿದ್ದ. ಎರ್ರಪ್ಪ ಬಾಗಿಲು ಬಡಿದ. "ಯಾರ್ರೀ ಒಳಗೆ? ಏನ್ ನಡೀತೈತೆ ಇಷ್ಟೊತ್ತು?"

ಅಡುಗೆಮನೆಯಿಂದ ವಾಣಿಶ್ರೀ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವಳು ಮೆಲ್ಲಗೆ ಹೇಳಬಹುದಿತ್ತು. ಬೀದಿಯ ಕೊನೆಯ ಮನೆಗೂ ಕೇಳಿಸುವಂತೆ ಹೇಳಿದಳು.

"ನಮ್ಮಪ್ಪ ಅವ್ರೆ ಮಾವಾ. ಮೈ ಕೂದ್ಲು ಟ್ರಿಮ್ ಮಾಡ್ಕೊಂತಾವ್ರೆ. ಅವಸರ ಮಾಡಿದ್ರೆ ಚರ್ಮ ಕುಯ್ದು ಹೋಯ್ತದೆ. ಎಲ್ರೂ ಕಾಯ್ರಿ."

ಒಳಗೆ ಯಂತ್ರ ನಿಂತಿತು. ಬಳಿಕ ಅದು ಮತ್ತೆ ಹೊರಟಿತು, ಸಾವಕಾಶವಾಗಿ, ಯಾರ ಹಂಗೂ ಇಲ್ಲದೆ. ಮೊದಲನೆಯ ಬಸ್ಸು ಅವನಿಲ್ಲದೆಯೇ ಊರು ಬಿಟ್ಟಿತು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ವಯಸ್ಸಾದವರು ತಮ್ಮ ದೇಹವನ್ನು ಮಕ್ಕಳ ಮರ್ಯಾದೆಗೂ ವೈದ್ಯರ ಮಾತ್ರೆಗೂ ಒಪ್ಪಿಸಿ, ಗೋಡೆಗೊರಗಿ ಸುಮ್ಮನೆ ಕೂರಬೇಕೆಂದು ನಾವೆಲ್ಲ ಸೇರಿ ಗೊತ್ತುಮಾಡಿಟ್ಟಿರುವಾಗ, ಇವರು ಕನ್ನಡಿಯ ಮುಂದೆ ತೋಳೆತ್ತಿ ನಿಲ್ಲುತ್ತಾರೆ. ಜಗತ್ತನ್ನು ತಿದ್ದುವ ಹಂಬಲ ಇವರಿಗಿಲ್ಲ, ಯಾರ ಮೇಲೂ ಹಗೆಯಿಲ್ಲ. ತಾವು ಬದುಕಿರುವವರೆಗೆ ಈ ಮೈ ತಮ್ಮದು ಎನ್ನುತ್ತಾರೆ, ಅಷ್ಟೆ. ಅಷ್ಟು ಹೇಳುವುದಕ್ಕೂ ಗುಂಡಿಗೆ ಬೇಕು.