ಹಸಿವಿಲ್ಲದ ಹಾವಿಗೆ ಇಲಿ

ಶಿವಬಸಮ್ಮನ ಮನೆಯೊಳಗೆ ಮೊಟ್ಟೆ ಕೂಡ ಬರುವಂತಿರಲಿಲ್ಲ. ಅಂಥ ಮನೆಗೆ ಮಗ ಅನಿಲಕುಮಾರ ಸಾಕಲೆಂದು ಹಾವು ತಂದಾಗ ಆಕೆ ಅವನ ಜತೆ ಕೆಲವು ದಿನ ಮಾತು ಬಿಟ್ಟಿದ್ದಳು. ಬಾಲ್ ಪೈಥಾನ್ ಎಂಬ ಹೊರದೇಶದ ಹೆಬ್ಬಾವು. ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಸಿಂಧನೂರಿನ ಆ ಮನೆಯ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಅದರ ವಾಸ. ಆಕೆ ಒಮ್ಮೆಯೂ ಮುಟ್ಟಿರಲಿಲ್ಲ.

ಮೋಟಾರು ರಿಪೇರಿ ಅಂಗಡಿಗೆ ಸಾಮಾನು ತರಲು ಅನಿಲ ಹೈದರಾಬಾದಿಗೆ ಹೊರಟ.

"ಯವ್ವಾ, ನೀರಷ್ಟ ಇಡು. ಮೊನ್ನೆ ತಿಂದೈತಿ. ಇನ್ನ ಹದಿನೈದು ದಿನ ಏನೂ ಬ್ಯಾಡ."

"ಅಷ್ಟು ದಿನ ಉಪಾಸ ಕೆಡವತೀಯೇನು?"

ಅವನು ನಕ್ಕು ಹೋದ. ಆಕೆಗೆ ಮಾತ್ರ ರೊಟ್ಟಿ ಮುರಿಯುವಾಗಲೆಲ್ಲ, ಮೇಲೊಂದು ಜೀವ ಹಸಿದು ಮಲಗಿದೆ ಅನಿಸತೊಡಗಿತು. ಹಾಲಿಟ್ಟಳು, ಹಾವು ಮೂಸಲಿಲ್ಲ. ಅಷ್ಟರಲ್ಲಿ ಅಕ್ಕಿ ಚೀಲದ ಬಳಿಯ ಬೋನಿಗೆ ದಪ್ಪ ಇಲಿಯೊಂದು ಬಿತ್ತು. ಎಂದಿನಂತೆ ಕಾಲುವೆಯಾಚೆಗೆ ಬಿಟ್ಟುಬರಲಿಲ್ಲ. "ಶಿವಾ, ಪಾಪ ನನಗಿರಲಿ" ಎಂದು ಕಣ್ಣು ಮುಚ್ಚಿ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟು, ಮುಚ್ಚಳ ಹಾಕಿ ಕೆಳಗಿಳಿದಳು.

ಬೆಳಿಗ್ಗೆ ನೋಡಿದರೆ ಇಲಿ ಬದುಕಿತ್ತು. ಹಾವಿನ ಬೆನ್ನ ಮೇಲೆ ಕೂತು ಹಾವನ್ನೇ ತಿನ್ನುತ್ತಿತ್ತು. ಚರ್ಮ ಹರಿದು ಬಿಳಿ ಎಲುಬು ಕಾಣುತ್ತಿತ್ತು. ಹಾವು ಸುರುಳಿಯೊಳಗೆ ತಲೆ ಅಡಗಿಸಿ, ಸುಮ್ಮನೆ ಕಡಿಸಿಕೊಳ್ಳುತ್ತಿತ್ತು. ಶಿವಬಸಮ್ಮ ಕಿಟಕಿಗೆ ಓಡಿ ಕೂಗಿಕೊಂಡಳು.

ಕೂಗು ಕೇಳಿ ಪಕ್ಕದ ಮನೆಯ ಹುಸ್ನಾ ಓಡಿಬಂದಳು. ಕಸಬರಿಗೆಯಿಂದ ಇಲಿಯನ್ನು ಓಡಿಸಿ, ಹಾವನ್ನು ತಲೆದಿಂಬಿನ ಚೀಲಕ್ಕೆ ಇಳಿಸಿದಳು. ಹಾವಿಗೆ ಮದ್ದು ಮಾಡುವ ಡಾಕ್ಟರು ಲಿಂಗಸುಗೂರಿನಲ್ಲಿದ್ದರು. ಹುಸ್ನಾ ತನ್ನ ಕಾರು ತೆಗೆದಳು.

ಮಸ್ಕಿ ದಾಟಿದ ಮೇಲೆ ಶಿವಬಸಮ್ಮನ ತೊಡೆಯ ಮೇಲಿನ ಚೀಲ ಅಲುಗಾಡುವುದು ನಿಂತಿತು.

"ಹುಸ್ನಾ, ಸತ್ತೈತೇನವಾ?"

"ಕೈ ಹಾಕಿ ನೋಡ್ರಿ ಅಕ್ಕಾ. ನಾ ಗಾಡಿ ಹೊಡ್ಯಾಕತ್ತೀನಿ."

ಆಕೆ ಕೈ ಹಾಕಿದಳು. ತಣ್ಣನೆಯ ಮೈ ನಿಧಾನವಾಗಿ ಬೆರಳಿಗೆ ಸುತ್ತಿಕೊಂಡಿತು. ಲಿಂಗಸುಗೂರು ಮುಟ್ಟುವವರೆಗೂ ಕೈ ಹೊರತೆಗೆಯಲಿಲ್ಲ.

ಡಾಕ್ಟರು ಗಾಯ ತೊಳೆದು ಹೊಲಿಗೆ ಹಾಕಿದರು. "ಇದಕ್ಕ ಹಸಿವಿರಲಿಲ್ರಿ, ಅಮ್ಮಾ. ಹಸಿವಿಲ್ದ ಹಾವು ಇಲಿ ಹಿಡಿಯಂಗಿಲ್ಲ. ಇಲಿಗೆ ಹಸಿವಾತು, ಅದು ಇದನ್ನ ತಿಂತು. ದೊಡ್ಡ ಹಾವಿಗೆ ಎರಡು ವಾರಕ್ಕೊಮ್ಮೆ ಸಾಕು. ಅದೂ ಸತ್ತ ಇಲಿನೇ ಕೊಡ್ರಿ."

ಸುದ್ದಿ ತಿಳಿದು ಅನಿಲ ಸಂಜೆಗೆ ಹೈದರಾಬಾದಿನಿಂದ ನೇರ ಅಲ್ಲಿಗೇ ಬಂದ. ಹೊಲಿಗೆ ನೋಡಿ ಅವನ ಮುಖ ಬಿಳಚಿತು. "ಇಲಿ ಇಷ್ಟು ಮಾಡ್ತೈತಂತ ನನಗೂ ಗೊತ್ತಿರಲಿಲ್ಲ ಯವ್ವಾ," ಎಂದು ಅವಳ ಪಕ್ಕ ಕೂತ.

ಹಾವು ಬಹಳ ದಿನ ಏನೂ ತಿನ್ನಲಿಲ್ಲ. ಕಡೆಗೊಂದು ಮಧ್ಯಾಹ್ನ ಅನಿಲ ಇಕ್ಕಳದಲ್ಲಿ ಹಿಡಿದ ಸತ್ತ ಇಲಿಯನ್ನು ಬಾಯಿಗೆ ತೆಗೆದುಕೊಂಡಿತು. ಶಿವಬಸಮ್ಮ ಬಾಗಿಲಲ್ಲಿ ನಿಂತು, ಇಲಿಯ ಬಾಲ ಒಳಗೆ ಹೋಗುವವರೆಗೂ ನೋಡಿದಳು. ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂತಳು.