ಹೆರಾಳ ಮುನಿಸು

ಹಣ್ಣಾಗಿದ್ದ ದ್ರಾಕ್ಷಿಯ ಮೇಲೆ ಆಲಿಕಲ್ಲು ಸುರಿದು ಬಳ್ಳಿಗಳೆಲ್ಲ ಬರೀ ಕಡ್ಡಿಯಾಗಿ ನಿಂತ ಮೇಲೆ, ಇದು ಹೆರಾದೇವಿಯದೇ ಕೆಲಸ ಎಂಬುದರಲ್ಲಿ ಆರ್ಗೋಸ್ ಪಟ್ಟಣದ ಮೇಲಣ ಗುಡ್ಡದೂರಿನಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಹೋದ ವರ್ಷದ ಬಲಿಯಲ್ಲಿ ಕೊಬ್ಬು ಸುತ್ತಿ ಸುಟ್ಟ ತೊಡೆಮೂಳೆಯ ಮೊದಲ ಹೊಗೆಯನ್ನು ಅವಳ ಗಂಡ ಜ್ಯೂಸನ ಹೆಸರಿಗೆ ಎತ್ತಿದ್ದರು. ಅದೂ ಅವಳದೇ ಗುಡಿಯ ಅಂಗಳದಲ್ಲಿ.

"ತನ್ನ ಮನೇಲೇ ತನ್ನ ಬಿಟ್ಟು ಗಂಡನಿಗೆ ಮೊದಲು ಬಡಿಸಿದ್ರೆ ಯಾವಳು ಸುಮ್ನಿರ್ತಾಳೆ? ಅದೂ ಅಂಥ ಗಂಡ. ಊರಿಗೊಂದು ಸಂಬಂಧ ಇಟ್ಕೊಂಡಿರೋನು" ಎಂದಳು ಬುಗ್ಗೆಯ ಹತ್ತಿರ ಒಬ್ಬಳು.

"ಅವನ ಮೇಲಿನ ಸಿಟ್ಟು ನಮ್ಮ ಬಳ್ಳಿ ಮೇಲೆ ತೀರಿಸ್ಕೊಂಡಳು. ಥೇಟ್ ನಮ್ಮತ್ತೆ" ಎಂದಳು ಇನ್ನೊಬ್ಬಳು. ಕೊಡ ಎತ್ತುತ್ತಲೇ ನಕ್ಕರು. ಹೆಚ್ಚು ಹೊತ್ತು ನಗಲು ಯಾರಿಗೂ ತ್ರಾಣವಿರಲಿಲ್ಲ.

ಈ ಸಲ ಹೆರಾಳೊಬ್ಬಳಿಗೇ ಒಂದು ಎತ್ತು ಕೊಟ್ಟು ಸಮಾಧಾನ ಮಾಡಬೇಕೆಂದು ಹಿರಿಯರು ಗೊತ್ತುಮಾಡಿದರು. ಮಡಕೆಯೊಳಗೆ ಮನೆಗೊಂದು ಗುರುತಿನ ಕಲ್ಲು ಹಾಕಿ ಕುಲುಕಿದಾಗ ಹೊರಕ್ಕೆ ಹಾರಿದ್ದು ಡೆಕ್ಸಿಯಾಸನ ಕಲ್ಲು. ಅವನಿಗಿದ್ದದ್ದು ಒಂದೇ ಜೋಡಿ ಎತ್ತು. ಕರಿಯದು ಇನ್ನೂ ಎಳೆಯದು. ಹೋಗಬೇಕಾದದ್ದು ಕೆಂಪು ಎತ್ತು, ಪಿರ್ರೋಸ್. ತಾಯಿ ಸತ್ತ ಕರುವಾಗಿದ್ದ ಅದನ್ನು ಡೆಕ್ಸಿಯಾಸನ ಹೆಂಡತಿ ಥಿಯಾನೋ ಬಾರ್ಲಿ ಗಂಜಿ ನೆಕ್ಕಿಸಿ ಸಾಕಿದ್ದಳು. ಈಗಲೂ ಉಳುಮೆ ಮುಗಿಸಿ ಬಂದಾಗ ನೊಗ ಇಳಿಸುತ್ತಿದ್ದವಳು ಅವಳೇ.

ಥಿಯಾನೋ ಅಳಲಿಲ್ಲ. ಅವಳಿಗೊಂದು ಆಸೆಯಿತ್ತು. ಬಲಿಕಟ್ಟೆಯ ಮುಂದೆ ಎತ್ತಿನ ತಲೆಗೆ ನೀರು ಚಿಮುಕಿಸಿದಾಗ ಅದು ತಲೆ ಬಾಗಿಸಬೇಕೆಂಬುದು ಕಟ್ಟಳೆ. ಬಾಗಿಸಿದರೆ ತಾನಾಗಿ ಒಪ್ಪಿಕೊಂಡಿತು ಎಂದರ್ಥ. ಮೂರು ಸಲ ಚಿಮುಕಿಸಿಯೂ ಬಾಗಿಸದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು, ಊರಿನ ಮಂದೆಯಿಂದ ಕುರಿ ತರಬೇಕು. ಪಿರ್ರೋಸ್ ಪರರಿಗೆ ತಲೆ ಕೊಡುವ ಎತ್ತಲ್ಲ. ಡೆಕ್ಸಿಯಾಸನೇ ನೊಗ ಹೂಡಬೇಕಾದರೆ ಎರಡು ಸಲ ಬೈಯಬೇಕಿತ್ತು.

ಬಲಿಯ ಹಿಂದಿನ ದಿನ ಪೊಲೆಮಾನ್ ಎಂಬ ಮುದಿ ಹಾಡುಗಾರ ಕಣಿವೆಯಿಂದ ಹತ್ತಿ ಬಂದ. ಹಬ್ಬವಿದ್ದಲ್ಲಿಗೆ ಹೋಗಿ ದೇವರ ಜಗಳ, ದೇವರ ಮದುವೆ ಹಾಡಿ ಉಣ್ಣುವುದು ಅವನ ಬಾಳು. ಎತ್ತು ಕೊಡುವ ಮನೆಯಲ್ಲೇ ಅವನಿಗೆ ಇಳಿದುಕೊಳ್ಳಲು ಹೇಳಿದರು. ಥಿಯಾನೋ ಅವನ ಮುಂದೆ ಗಿಣ್ಣಿನ ತುಂಡು, ಆಲಿವ್ ಕಾಯಿ ಇಟ್ಟಳು.

"ಅಜ್ಜಾ, ನಾಳೆ ಏನು ಹಾಡ್ತೀರಿ?"

"ಹೆರಾ ಮುನಿಸ್ಕೊಂಡಿದ್ದು. ಬೇರೇನು ಹಾಡ್ಲಿ? ಅದನ್ನೇ ಕೇಳ್ತಾರೆ."

"ಅದ್ರಲ್ಲಿ ಅವಳ ಸಿಟ್ಟು ಇಳಿಯುತ್ತಾ?"

"ಕೊನೇಗೆ ಇಳಿಯುತ್ತೆ ತಾಯಿ. ಬಾಗಿಲು ಹಾಕ್ಕೊಂಡು ಕೂತಿರ್ತಾಳೆ. ಜ್ಯೂಸ್ ಹೊರಗೆ ನಿಂತು ಗೋಗರೀತಾನೆ. ಸಿಡಿಲು ಹಿಡಿದೋನು ಹೆಂಡತಿ ಬಾಗಿಲಲ್ಲಿ ಚಳಿಗೆ ನಡುಗ್ತಾ ನಿಂತಿದ್ದು ನೋಡಿ ಅವಳಿಗೆ ನಗು ಬರುತ್ತೆ. ನಕ್ಕ ಮೇಲೆ ಸಿಟ್ಟು ಎಲ್ಲಿ?"

"ಹಂಗಾದ್ರೆ ನಾಳೆ ಮೊದಲೇ ಹಾಡಿಬಿಡಿ. ನಗಿಸಿಬಿಡಿ. ಎತ್ತು ಯಾಕೆ ಆಮೇಲೆ?"

ಮುದುಕ ಗಿಣ್ಣು ಅಗಿಯುವುದನ್ನು ನಿಲ್ಲಿಸಿದ. "ಸುಳ್ಳು ಹೇಳಲ್ಲ ತಾಯಿ. ಬಾಯಿಗೆ ಮಾಂಸ ಬಿದ್ದು ಯಾವ ಕಾಲವಾಯ್ತೋ. ನಿನ್ನೆತ್ತು ಬಿದ್ರೆ ಸೊಂಟದ ಪಾಲು ನಂದು ಅಂದಿದಾರೆ. ಆಸೆಯಾಗೇ ಹತ್ತಿ ಬಂದೆ."

"ನೀವೂ ದೇವರ ಥರಾನೇ" ಎಂದಳು ಥಿಯಾನೋ.

"ಇನ್ಯಾರ ಥರ ಇರ್ಲಿ? ದಿನಾ ಅವರದೇ ಸಹವಾಸ." ಇನ್ನೊಂದು ಆಲಿವ್ ಕಾಯಿ ಬಾಯಿಗಿಟ್ಟು ಹೇಳಿದ: "ಆಗ್ಲಿ. ಮೊದಲೇ ಹಾಡ್ತೀನಿ. ಕುರಿ ಆದ್ರೂ ಮಾಂಸವೇ."

ಮರುದಿನ ಬೆಳಿಗ್ಗೆ ಗುಡಿಯಂಗಳದಲ್ಲಿ ಅವನು ಹಾಡಿದ. ದನಿ ನಡುನಡುವೆ ಒಡೆಯುತ್ತಿತ್ತು. ಜ್ಯೂಸ್ ಬಾಗಿಲಲ್ಲಿ ನಡುಗುವ ಕಡೆ ಗಂಡಸರೆಲ್ಲ, ಹೆಂಡತಿಯ ಮುನಿಸು ಅವನಿಗೂ ಕಾದಿದೆ ಎಂಬಂತೆ, ಡೆಕ್ಸಿಯಾಸನ ಕಡೆ ನೋಡಿ ನಕ್ಕರು. ಡೆಕ್ಸಿಯಾಸ್ ನಗಲಿಲ್ಲ. ಹಗ್ಗ ಹಿಡಿದು ನಿಂತಿದ್ದ. ಥಿಯಾನೋ ಹೆಂಗಸರ ಗುಂಪಿನ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು.

ಪೂಜಾರಿಣಿ ಬಾರ್ಲಿ ಕಾಳು ಎರಚಿ ನೀರು ಚಿಮುಕಿಸಿದಳು. ಪಿರ್ರೋಸ್ ಕಿವಿ ಒದರಿತು. ಅಷ್ಟೇ. ಎರಡನೆಯ ಸಲ ನೀರು ಕಣ್ಣಿಗೇ ಬಿತ್ತು. ಎತ್ತು ಮುಖವನ್ನು ಇನ್ನೂ ಮೇಲಕ್ಕೆತ್ತಿ ದೂರದ ಹೊಲದ ಕಡೆ ನೋಡಿತು.

"ನಕ್ಕಳು ಕಣ್ರೋ, ದೇವಿ ನಕ್ಕಳು! ಬೇಡ ಅಂತಾಳೆ" ಎಂದು ಒಬ್ಬ ಮುದುಕ ಕೂಗಿದ. ಮೂರನೆಯ ಸಲಕ್ಕೂ ಎತ್ತು ಕದಲಲಿಲ್ಲ. ಪೂಜಾರಿಣಿ ನೀರಿನ ಮಡಕೆಯನ್ನು ಕೆಳಗಿಟ್ಟು, ಹಗ್ಗ ಬಿಚ್ಚು ಎನ್ನುವಂತೆ ಡೆಕ್ಸಿಯಾಸನತ್ತ ಕೈ ಎತ್ತಿದಳು.

ಥಿಯಾನೋಗೆ ತಡೆದುಕೊಳ್ಳಲಾಗಲಿಲ್ಲ. ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಹಗ್ಗ ಬಿಚ್ಚಿದ ಕೂಡಲೇ ತಾನೇ ಹಿಡಿದು ಮನೆಗೆ ನಡೆಸಿಕೊಂಡು ಹೋಗಬೇಕೆಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಪಿರ್ರೋಸ್ ಅವಳನ್ನು ಕಂಡಿತು. ಪ್ರತಿ ಸಂಜೆ ಅವಳು ನೊಗ ಇಳಿಸಿ ಕೊಂಬುಗಳ ನಡುವೆ ಕೆರೆಯುತ್ತಿದ್ದಳು. ಕೆರೆಯಲೆಂದು ಅದು ಕುತ್ತಿಗೆ ಚಾಚಿ, ನಿಧಾನವಾಗಿ, ಎಲ್ಲರೆದುರು, ಪೂರ್ತಿ ತಲೆ ಬಾಗಿಸಿತು.

"ಒಪ್ಪಿತು!" ಎಂದರು ಜನ.

"ಇಲ್ಲ, ಅದು ನನ್ನ ನೋಡಿ..." ಎಂದಳು ಥಿಯಾನೋ. ಅಷ್ಟರಲ್ಲಿ ಹೆಂಗಸರು ಬಲಿಯ ಕೂಗು ಎತ್ತಿದ್ದರು. ಕೊಡಲಿ ಬೀಳುವಾಗ ಎಲ್ಲ ಹೆಂಗಸರೂ ಕೂಗಬೇಕು. ಅವಳ ಮಾತು ಅದರಲ್ಲಿ ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನ ಪೊಲೆಮಾನ್ ತಿಂದುಳಿದ ಪಾಲನ್ನು ಎಲೆಯಲ್ಲಿ ಸುತ್ತಿಕೊಂಡು ಅವಳ ಹಟ್ಟಿಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ತಿಂದ್ರಾ?" ಎಂದಳು.

"ತಿಂದೆ ತಾಯಿ. ಚೆನ್ನಾಗಿತ್ತು." ಅವನು ನೆಲ ನೋಡಿದ. "ನಾಚಿಕೆ ಆಗ್ತಿದೆ."

"ಅವಳಿಗಾಗಿರುತ್ತಾ? ಹೆರಾಗೆ?"

ಮುದುಕ ಎಲೆಯ ಗಂಟನ್ನು ಕಂಕುಳಿಗೆ ಸೇರಿಸಿದ. "ನನ್ನ ಹಾಡಲ್ಲಿ ಸಿಟ್ಟಿದೆ, ಹೊಟ್ಟೆಕಿಚ್ಚಿದೆ, ಅಳೂನೂ ಇದೆ. ನಾಚಿಕೆ ಮಾತ್ರ ಎಲ್ಲೂ ಬರಲ್ಲ" ಎಂದು ಕೋಲು ತೆಗೆದುಕೊಂಡು ಕಣಿವೆಯ ಕಡೆ ಇಳಿದ.

ಸಂಜೆ ಥಿಯಾನೋ ಕರಿಯ ಎತ್ತಿಗೆ ನೀರಿಟ್ಟಳು. ಅದು ಕುಡಿದು, ತನಗೂ ಕೆರೆಯಲೆಂದು ಅವಳ ಮುಂದೆ ತಲೆ ಬಾಗಿಸಿತು. ಅವಳು ಅದರ ಗಲ್ಲದ ಕೆಳಗೆ ಕೈಯಿಟ್ಟು ಮೇಲಕ್ಕೆ ತಳ್ಳಿದಳು.

"ತಲೆ ಎತ್ತು. ನಾ ಬಂದ್ರೂ ಬಗ್ಗಬಾರದು. ಕೇಳಿಸ್ತಾ?"

ಕೈ ತೆಗೆದ ಕೂಡಲೇ ಅದು ಮತ್ತೆ ಬಾಗಿಸಿತು. ಅವಳು ಮತ್ತೆ ತಳ್ಳಿದಳು. ತೋಳು ಸೋಲುವವರೆಗೂ ತಳ್ಳುತ್ತಲೇ ಇದ್ದಳು.