ಪಂಚಮಿಗೆ ಕರೆಯುವವರು

ತವರಿನ ಆಸ್ತಿಯಲ್ಲಿ ಪಾಲು ಬೇಡವೆಂದು ಹೆಣ್ಣುಮಕ್ಕಳು ಯಾಕೆ ಬರೆದುಕೊಡುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಸಮಪಾಲು ಕೊಟ್ಟ ಕಾನೂನು ನನಗೆ ಬಾಯಿಪಾಠ. ಖಾನಾಪುರದ ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಕೂತು ನಲವತ್ತು ಹೆಂಗಸರನ್ನು ಕೇಳಿದ್ದೆ: ಯಾರಾದರೂ ಒತ್ತಾಯ ಮಾಡಿದರೇ? ನಲವತ್ತೂ ಮಂದಿ ಇಲ್ಲ ಅಂದಿದ್ದರು. 'ಅಜ್ಞಾನ' ಎಂದು ಬರೆದುಕೊಂಡಿದ್ದೆ, ಸೊಕ್ಕಿನಿಂದ.

ಈಗ ನನ್ನದೇ ಸರದಿ ಬಂದಿತ್ತು. ಅಪ್ಪ ತೀರಿದ ಮೇಲೆ ಜಾಂಬೋಟಿ ಕಡೆಯ ಗದ್ದೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ತಮ್ಮ ಚೇತನ ಗುರುವಾರ ಸಹಿಗೆ ಬಾ ಅಂದಿದ್ದ. ಹಾಕುವುದೇ ಇಲ್ಲ ಎಂದು ವಡಗಾವಿಯ ಮನೆಯಲ್ಲಿ ಗಂಡನ ಮುಂದೆ ಭಾಷಣ ಬಿಗಿದಿದ್ದೆ. ಚೇತನನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ನಲವತ್ತೊಂದನೆಯವಳು ಸಾವಂತ್ರವ್ವ, ಅರವತ್ತು ದಾಟಿದವಳು. ಹಿಂದೆ ಅಣ್ಣ ಕೇಳಿದಾಗ ಸಹಿ ಹಾಕದೆ ಗಟ್ಟಿಯಾಗಿ ನಿಂತಿದ್ದಳಂತೆ. ನನಗೆ ಹಿಗ್ಗೋ ಹಿಗ್ಗು.

"ಮತ್ತ ಇವತ್ತ ಯಾಕ ಬಂದ್ರಿ ಯವ್ವಾ?"

"ಸಹಿ ಮಾಡಾಕ."

"ಒತ್ತಾಯ ಮಾಡಿದ್ರೇನು?"

"ಇಲ್ಲವಾ. ನಮ್ಮಣ್ಣ ಬಾಳಪ್ಪ ಒಂದ್ ಮಾತ ಆಡಿಲ್ಲ. ಹನ್ನೊಂದು ವರ್ಷ ನಾಗರ ಪಂಚಮಿಗೆ ಕರಿಯಾಕ ಬರಲಿಲ್ಲ, ಅಷ್ಟ. ಓಣ್ಯಾಗಿನ ಸೊಸ್ತ್ಯಾರೆಲ್ಲಾ ತವರಿಗೆ ಹೋಗ್ತಾರ, ನಾ ಬಾಗಲಾ ಹಾಕ್ಕೊಂಡು ಕುಂದರ್ತೀನಿ. ಹೊಲದಾಗ ನನ್ನ ಪಾಲು ಐತಿ, ಮನ್ಯಾಗ ಇಲ್ಲ. ಏನ್ ಮಾಡ್ಲಿ ಅದನ್ನ ಇಟ್ಕೊಂಡು?"

ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು. ಬೇವಿನ ಮರದ ಕೆಳಗೆ ಕಾದಿದ್ದ ಬಾಳಪ್ಪ ಸೀರೆಯ ಚೀಲ ಚಾಚಿದ. ಅವಳು ಚೀಲದ ಕಡೆ ನೋಡಲೂ ಇಲ್ಲ. "ಪಂಚಮಿಗೆ ಬರ್ತೀಯಲ್ಲೋ ಅಣ್ಣಾ?" ಅಂದಳು. ಆ ಮುದುಕ ಕಣ್ಣೊರೆಸಿಕೊಂಡ.

ನಾನು ಓದಿದ್ದೆಲ್ಲ ಪುಸ್ತಕದ ಬದನೆಕಾಯಿ ಅನಿಸಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಚೇತನನಿಗೆ ಫೋನ್ ಮಾಡಿದೆ.

"ಗುರುವಾರ ನಾ ಸಹಿ ಮಾಡಂಗಿಲ್ಲ, ಚೇತೂ."

"ನಿನ್ನ ಇಷ್ಟ ಅಕ್ಕಾ."

"ಪಂಚಮಿಗೆ ಕರಿಯಾಕ ಬರ್ತಿಯಲ್ಲಾ?"

"ನೋಡೂಣು," ಎಂದು ಫೋನ್ ಇಟ್ಟ. ನನ್ನ ಮದುವೆಯಾಗಿ ಒಂಬತ್ತು ವರ್ಷ, ಪ್ರತಿ ಪಂಚಮಿಗೂ ಹೇಳದೆ ಕೇಳದೆ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸುವ ಹುಡುಗ.

ಪ್ರಶ್ನಾವಳಿಯಲ್ಲಿ ಒತ್ತಾಯದ ಪ್ರಶ್ನೆ ಹೊಡೆದುಹಾಕಿ, 'ಸಹಿ ಹಾಕದಿದ್ದರೆ ಪಂಚಮಿಗೆ ಕರೆಯುತ್ತಾರೆಯೇ?' ಎಂದು ಬರೆದೆ. ಆ ನಲವತ್ತು ಮಂದಿಯ ಮನೆಗೂ ಮತ್ತೆ ಹೋಗಬೇಕು.

ಪಂಚಮಿಗೆ ಇನ್ನು ಹದಿನೆಂಟು ದಿನ. ಇಷ್ಟೆಲ್ಲ ಕಾನೂನು ಓದಿದವಳು, ಓಣಿಯಲ್ಲಿ ಬೈಕ್ ಸದ್ದಾದರೆ ಈಗಲೇ ಎದ್ದು ಬಾಗಿಲಿಗೆ ಹೋಗುತ್ತೇನೆ.